ಹಡಗುಗಳು ಹೆಚ್ಚಾದರೂ ಬಾಡಿಗೆ ಏಕೆ ಇಳಿಯಲಿಲ್ಲ?

ಪ್ರಶ್ನೆ: ದ್ರಾಕ್ಷಿ ಬೆಳೆಗಾರ, ತಿಕೋಟಾ (ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. 2024ರ ಫೆಬ್ರುವರಿಯಲ್ಲಿ ನಮ್ಮ ತೋಟದ ಹಣ್ಣು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿಗೆ ಹೊರಟಾಗ ರೀಫರ್ (ಶೀತಲ) ಕಂಟೇನರಿನ ಬಾಡಿಗೆ ಹಿಂದಿನ ಹಂಗಾಮಿಗಿಂತ ಬಹಳ ಏರಿತ್ತು. ಹಡಗು ಮುಟ್ಟಿದ್ದೂ ತಡವಾಗಿ, ಗೊಂಚಲಿನ ತೊಟ್ಟು ಕಂದಾಗಿ ಒಣಗಿದ್ದ ಫೋಟೋಗಳು ಅಲ್ಲಿಂದ ಬಂದವು. ಆದರೆ ಅದೇ ದಿನಗಳಲ್ಲಿ, ಹೊಸ ಕಂಟೇನರ್ ಹಡಗುಗಳು ದಾಖಲೆ ಪ್ರಮಾಣದಲ್ಲಿ ನೀರಿಗಿಳಿಯುತ್ತಿವೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಹಡಗು ಹೆಚ್ಚಾದರೆ ಬಾಡಿಗೆ ಇಳಿಯಬೇಕಲ್ಲವೇ? ಈ ಲೆಕ್ಕವನ್ನು ನಾನೇ ಗಮನಿಸುತ್ತಿರಬೇಕೆಂದರೆ ಯಾವ ಅಂಕಿಗಳನ್ನು ನೋಡಬೇಕು?

ಉತ್ತರ 1: ಸಕ್ಕರೆ ರಫ್ತಿನ ಲೆಕ್ಕ ಬರೆಯುವವ, ಮುಧೋಳ

ತಮ್ಮ ಪ್ರಶ್ನೆಗೆ ಉತ್ತರ ನಮ್ಮ ಕಬ್ಬಿನ ಹಂಗಾಮಿನಲ್ಲೇ ಇದೆ. ಊರಿನಲ್ಲಿ ನಲವತ್ತು ಟ್ರ್ಯಾಕ್ಟರ್ ಇದ್ದು ಕಾರ್ಖಾನೆ ಹತ್ತು ಕಿಲೋಮೀಟರ್ ದೂರದಲ್ಲಿದ್ದರೆ ದಿನಕ್ಕೆ ಎರಡು ಟ್ರಿಪ್ ಆಗುತ್ತವೆ; ಅದೇ ಕಬ್ಬನ್ನು ನಲವತ್ತು ಕಿಲೋಮೀಟರ್ ಆಚೆಗೆ ಸಾಗಿಸಬೇಕಾಗಿ ಬಂದರೆ ಒಂದೇ ಟ್ರಿಪ್, ಅದರ ಮೇಲೆ ಯಾರ್ಡಿನಲ್ಲಿ ರಾತ್ರಿಯಿಡೀ ಪಾಳಿ. ಟ್ರ್ಯಾಕ್ಟರ್ ಒಂದೂ ಕಡಿಮೆಯಾಗಿರುವುದಿಲ್ಲ, ಆದರೂ ಕೇಳಿದಾಗ ಒಂದೂ ಸಿಗುವುದಿಲ್ಲ.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಸಶಸ್ತ್ರ ಗುಂಪಾದ ಹೌತಿಗಳ ದಾಳಿ ಆರಂಭವಾದ ಮೇಲೆ, ಯುರೋಪಿಗೆ ಹೋಗುವ ಹೆಚ್ಚಿನ ಕಂಟೇನರ್ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತತೊಡಗಿದವು. ಒಂದು ಪ್ರಯಾಣಕ್ಕೆ ಸುಮಾರು 10ರಿಂದ 14 ದಿನ ಹೆಚ್ಚಾಯಿತು. ವಾರಕ್ಕೊಂದು ಹಡಗು ಬಿಡುವ ಕಂಪನಿಯು ಅದೇ ವೇಳಾಪಟ್ಟಿ ಉಳಿಸಿಕೊಳ್ಳಬೇಕಾದರೆ, ಹೋಗುವುದು ಬರುವುದು ಸೇರಿ ಇನ್ನೂ ಮೂರು ನಾಲ್ಕು ಹಡಗುಗಳನ್ನು ಅದೇ ಮಾರ್ಗಕ್ಕೆ ಹಾಕಬೇಕು. ಹೊಸದಾಗಿ ಬಂದ ಹಡಗುಗಳನ್ನು ದೂರವೇ ನುಂಗಿತು. ಆದ್ದರಿಂದ ಹಡಗಿನ ಸಂಖ್ಯೆಗಿಂತ ಟನ್-ಮೈಲಿ, ಅಂದರೆ ಎಷ್ಟು ಸರಕು ಎಷ್ಟು ದೂರ ಹೋಯಿತೆಂಬುದನ್ನು, ಮೊದಲು ನೋಡಿರಿ.

ಉತ್ತರ 2: ಹಡಗಿನಲ್ಲಿ ಎಂಜಿನಿಯರನಾಗಿದ್ದವ, ಬೆಳಗಾವಿ

ಮುಧೋಳದವರ ಮಾತು ಸರಿ. ಅಳತೆಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. 100 ಗ್ರಾಸ್ ಟನೇಜ್ ಮೀರಿದ ಹಡಗುಗಳು ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇವೆ, ಆದರೆ ಆ ಅಂಕಿಯಲ್ಲಿ ಟಗ್ ಬೋಟೂ 400 ಮೀಟರಿನ ಕಂಟೇನರ್ ಹಡಗೂ ಒಂದೊಂದೇ ಆಗಿ ಎಣಿಕೆಯಾಗುತ್ತವೆ. ಗ್ರಾಸ್ ಟನೇಜ್ ಎಂಬುದು ಹೆಸರಿಗೆ ಟನ್ ಆದರೂ ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ. ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಡೆಡ್‌ವೇಟ್ ಟನ್, ಕಂಟೇನರ್ ಹಡಗಿಗೆ ಟಿಇಯು, ಅಂದರೆ ಇಪ್ಪತ್ತು ಅಡಿ ಉದ್ದದ ಎಷ್ಟು ಕಂಟೇನರ್ ಹಿಡಿಸುತ್ತವೆ ಎಂಬ ಲೆಕ್ಕ. ಪತ್ರಿಕೆಗಳು ಇವನ್ನು ಮನಸ್ಸಿಗೆ ಬಂದಂತೆ ಬೆರೆಸಿ ಬರೆಯುತ್ತವೆ.

ಒಂದೊಂದೇ ಹಡಗನ್ನು ಗುರುತಿಸಲು ಹೆಸರನ್ನಾಗಲಿ ಬಾವುಟವನ್ನಾಗಲಿ ನಂಬಬೇಡಿರಿ, ಅವು ಮಾಲೀಕನೊಂದಿಗೆ ಬದಲಾಗುತ್ತವೆ. ಗ್ರೀಸಿನ ಮಾಲೀಕನ ಹಡಗು ಲೈಬೀರಿಯಾದ ಬಾವುಟ ಹಾರಿಸುವುದು ದಿನನಿತ್ಯದ ಮಾತು. ಬದಲಾಗದೆ ಉಳಿಯುವುದು ಏಳಂಕಿಯ ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ಸಂಖ್ಯೆ ಮಾತ್ರ. 2021ರಲ್ಲಿ ಸೂಯೆಜಿನಲ್ಲಿ ಅಡ್ಡ ನಿಂತ ಎವರ್ ಗಿವನ್ ಹಡಗಿನ ಸಂಖ್ಯೆ 9811000. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿದರೆ 120 ಬರುತ್ತದೆ. ಅದರ ಕೊನೆಯ ಸೊನ್ನೆಯೇ ಏಳನೆಯ ಅಂಕಿ. ತಪ್ಪು ಸಂಖ್ಯೆಯಾದರೆ ಈ ಲೆಕ್ಕ ಸಾಮಾನ್ಯವಾಗಿ ಕೂಡುವುದಿಲ್ಲ. ಎಕ್ವಾಸಿಸ್ ಎಂಬ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಈ ಸಂಖ್ಯೆಯಿಂದ ಹಡಗಿನ ವಯಸ್ಸು, ಮಾಲೀಕ, ತಪಾಸಣೆಗಳ ವಿವರ ಉಚಿತವಾಗಿ ಸಿಗುತ್ತದೆ. ಒಟ್ಟು ಪ್ರವೃತ್ತಿ ಬೇಕಾದರೆ ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆಯಾದ ಅಂಕ್ಟಾಡ್ ಪ್ರತಿ ವರ್ಷ ಹೊರತರುವ ಸಾಗರ ಸಾರಿಗೆ ವರದಿಯನ್ನು ಓದಿರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು, ಸರ್. ಬಿಲ್ ಆಫ್ ಲೇಡಿಂಗಿನಲ್ಲಿದ್ದ (ಸರಕು ಹಡಗಿಗೇರಿದ ರಸೀದಿ) ಹಡಗಿನ ಹೆಸರು ಹಿಡಿದು ಹುಡುಕಿದೆ: ಇಪ್ಪತ್ತು ವರ್ಷ ದಾಟಿದ ಹಡಗು, ಈಗಿನದು ಮೂರನೆಯ ಹೆಸರು. ಇಷ್ಟು ಹಳೆಯದು ಗುಜರಿಗೆ ಹೋಗುವುದಿಲ್ಲವೇ?

ಉತ್ತರ 1ರವರು

ಬಾಡಿಗೆ ಚೆನ್ನಾಗಿರುವಾಗ ದುಡಿಯುವ ಎತ್ತನ್ನು ಯಾರೂ ಸಂತೆಗೆ ಹೊಡೆಯುವುದಿಲ್ಲ. ಗುಜರಾತಿನ ಅಲಂಗ್ ತೀರಕ್ಕೆ ಒಡೆಯಲು ಬರುವ ಕಂಟೇನರ್ ಹಡಗುಗಳು ಈ ಕಾರಣಕ್ಕೇ ವಿರಳವಾದವು. ತಾವು ಅಕ್ಟೋಬರಿನಲ್ಲಿ ರಫ್ತುದಾರರೊಂದಿಗೆ ಕರಾರಿಗೆ ಕೂರುವ ಮುನ್ನ ಎರಡನ್ನು ನೋಡಿಕೊಳ್ಳಿರಿ: ಸೂಯೆಜ್ ದಾಟುವ ಹಡಗುಗಳು ಹೆಚ್ಚುತ್ತಿವೆಯೇ, ಅಲಂಗಿಗೆ ಹಳೆಯ ಕಂಟೇನರ್ ಹಡಗುಗಳು ಬರತೊಡಗಿವೆಯೇ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಹಡಗುಗಳು ಬಿಡುವಾಗುತ್ತಿವೆ, ಬಾಡಿಗೆ ಇಳಿಯಬಹುದು ಎಂದರ್ಥ; ಆಗ ಬಾಡಿಗೆಯನ್ನು ಇಡೀ ಹಂಗಾಮಿಗೆ ಮೊದಲೇ ಗೊತ್ತು ಮಾಡಿಕೊಳ್ಳುವ ಆತುರ ಬೇಡ.