ಬಾದಾಮಿ ಹಿಟ್ಟಿನ ರೊಟ್ಟಿ ಯಾಕ ಹರೀತದ?

ಪ್ರಶ್ನೆ (ವಿಜಯಪುರ): ನಮಸ್ಕಾರ್ರಿ ಮೇಡಂ. ನಮ್ಮ ಮನ್ಯಾಗ ಯಜಮಾನ್ರಿಗೆ ಶುಗರ್ ಅದ. ಕಾರ್ಬ್ (ಶರ್ಕರಪಿಷ್ಟ) ಕಡಿಮಿ ಮಾಡೂಣಂತ ಹೊಸಾ ಫುಡ್ ಪ್ರೊಸೆಸರ್‌ನಾಗ ಬಾದಾಮಿ ತಿರುವಿದ್ರ ಹಿಟ್ಟಾಗಲಿಲ್ಲ, ಬೆಣ್ಣಿಗತೆ ಮುದ್ದಿ ಆತು. ಅಂಗಡಿ ಹಿಟ್ಟು ತಂದು ರೊಟ್ಟಿ ಬಡದ್ರ ಹಂಚಿಗೆ ಹಾಕೂದ್ರಾಗ ಹರೀತದ. ಎಲ್ಲಿ ತಪ್ಪೇನ್ರಿ?

ಆಹಾರತಜ್ಞೆ: ಬಾದಾಮಿಯಲ್ಲಿ ಅರ್ಧದಷ್ಟು ಎಣ್ಣೆಯೇ ಇದೆ. ಬ್ಲೇಡು ತಿರುಗಿದಷ್ಟೂ ಬಿಸಿಯಾಗಿ ಎಣ್ಣೆ ಬಿಡುತ್ತದೆ. ನಮ್ಮ ವಿಜಯಪುರದ ಬ್ಯಾಸಗಿಯಲ್ಲಂತೂ ಇನ್ನೂ ಬೇಗ. ಶೇಂಗಾ ಚಟ್ನಿಯನ್ನು ಎಣ್ಣೆ ಬಿಡಲಿ ಅಂತಲೇ ಕುಟ್ಟುತ್ತೇವೆ, ಇಲ್ಲಿ ಬಿಡಬಾರದು. ಒಂದೆರಡು ತಾಸು ಫ್ರೀಜರ್‌ನಲ್ಲಿಟ್ಟು, ಸ್ವಲ್ಪಸ್ವಲ್ಪವೇ ಹಾಕಿ, ಪಲ್ಸ್ ಬಟನ್ ಒತ್ತಿ ಒತ್ತಿ ಬಿಡಿ. ಜರಡಿ ಹಿಡಿದು ತರಿಯನ್ನಷ್ಟೇ ಮತ್ತೆ ತಿರುವಿ. ಸಿಪ್ಪೆ ತೆಗೆಯಲು ನೆನೆಸಿದ್ದರೆ ಪೂರ್ತಿ ಒಣಗಲೇಬೇಕು.

ಇನ್ನು ರೊಟ್ಟಿ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿದಾಗ ಜಿಗಿ ಬರುವುದು ಪಿಷ್ಟದಿಂದ. ಬಾದಾಮಿಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಗೋಧಿಯ ಅಂಟೂ ಇಲ್ಲ. ಬಡಿಯುವ ಆಸೆ ಬಿಟ್ಟುಬಿಡಿ! ಒಂದು ಬಟ್ಟಲು ಹಿಟ್ಟಿಗೆ ಒಂದು ದೊಡ್ಡ ಚಮಚ ಇಸಬಗೋಲ್ ಹೊಟ್ಟು ಅಥವಾ ಎರಡು ಚಮಚ ಅಗಸಿಪುಡಿ ಸೇರಿಸಿ, ಬೆಚ್ಚಗಿನ ನೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಎರಡು ಬಟರ್ ಪೇಪರ್ ನಡುವೆ ಸಣ್ಣದಾಗಿ ಒತ್ತಿ, ಸಣ್ಣ ಉರಿಯಲ್ಲಿ ಬೇಯಿಸಿ. ಉರಿ ಜೋರಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕರಕಾಗುತ್ತದೆ.

ಪ್ರಶ್ನೆ (ಬಾದಾಮಿ): ನಮ್ಮೂರ ಹೆಸರ ನೋಡಿ ಓಡಿ ಬಂದೆ! ಊರಿನ ಹೆಸರ ಬಾದಾಮಿ ಇದ್ರೂ ಅದರ ರೇಟು ನಮಗ ನಿಲುಕಂಗಿಲ್ರಿ. ಶೇಂಗಾ ಹಿಟ್ಟು ನಡ್ಯಾಂಗಿಲ್ಲೇನು?

ಆಹಾರತಜ್ಞೆ: ಧಾರಾಳ ನಡೆಯುತ್ತದೆ, ಪಲ್ಸ್ ಮಾಡುವ ರೀತಿ ಅದೇ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಕಾರ್ಬ್ ಹತ್ತಿರ ಹತ್ತಿರ 70 ಗ್ರಾಂ. ಬಾದಾಮಿಯಲ್ಲಿ ಸುಮಾರು 20, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಾರು. ಶೇಂಗಾದಲ್ಲಿ 16ರ ಆಸುಪಾಸು. ಆದರೆ ಬಾದಾಮಿಯಲ್ಲಾಗಲಿ ಶೇಂಗಾದಲ್ಲಾಗಲಿ 100 ಗ್ರಾಂಗೆ 570–580 ಕ್ಯಾಲೊರಿ. ಜೋಳದ ರೊಟ್ಟಿಯಂಗ ಮೂರು ನಾಲ್ಕು ತಿಂದರೆ ತೂಕ ಏರುತ್ತದೆ. ಒಂದೇ ಸಾಕು, ಜೊತೆಗೆ ಪುಂಡಿಪಲ್ಯೆ, ಹಸಿ ಸೌತೆಕಾಯಿ ಹೆಚ್ಚಿರಲಿ.

ವಿಜಯಪುರದವರೇ, ನಾನು ಮೊದಲೇ ಕೇಳಬೇಕಿತ್ತು. ಯಜಮಾನರಿಗೆ ಯಾವ ಗುಳಿಗೆ?

ಪ್ರಶ್ನೆ (ವಿಜಯಪುರ): ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಅವ ನೋಡ್ರಿ.

ಆಹಾರತಜ್ಞೆ: ಹಾಗಾದರೆ ಡಾಕ್ಟರನ್ನು ಕೇಳುವವರೆಗೆ ಜೋಳದ ರೊಟ್ಟಿ ಪೂರ್ತಿ ಬಿಡಿಸಬೇಡಿ. ಗ್ಲಿಮಿಪಿರೈಡ್ ತಗೊಂಡು ಕಾರ್ಬ್ ಒಮ್ಮೆಲೇ ಇಳಿಸಿದರೆ ಶುಗರ್ ತೀರಾ ಕೆಳಗೆ ಹೋಗಬಹುದು; ಕೈಕಾಲು ನಡುಕ, ಬೆವರು, ತಲೆಸುತ್ತು ಬರುತ್ತದೆ. ಗುಳಿಗೆಯ ಪ್ರಮಾಣ ಬದಲಿಸುವುದು ಅವರ ಕೆಲಸ, ನನ್ನದಲ್ಲ. ಡಪಾಗ್ಲಿಫ್ಲೋಜಿನ್ ಥರದ ಶುಗರ್ ಗುಳಿಗೆ ನುಂಗುವವರೂ ಕೇಳದೆ ಕಾರ್ಬ್ ತೀರಾ ಇಳಿಸಬಾರದು. ಕಿಡ್ನಿಕಲ್ಲು ಇದ್ದವರಿಗೂ ದಿನಾ ಬಾದಾಮಿ ಒಳ್ಳೆಯದಲ್ಲ, ಅದರಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಅಂಶ ಜಾಸ್ತಿ.

ಪ್ರಶ್ನೆ (ವಿಜಯಪುರ): ನಾಳಿನೇ ತೋರಿಸ್ಕೊಂಡ ಬರ್ತೀವ್ರಿ. ಆ ಮುದ್ದಿ ಏನ್ ಮಾಡ್ಲಿ?

ಆಹಾರತಜ್ಞೆ: ಚೆಲ್ಲಬೇಡಿ! ಬಳ್ಳೊಳ್ಳಿ, ಖಾರಪುಡಿ, ಉಪ್ಪು ಹಾಕಿ ಚಟ್ನಿ ಮಾಡಿ. ಹೊರಗಿಟ್ಟರೆ ಕಮಟು ಹಿಡಿಯುತ್ತದೆ, ಫ್ರಿಜ್‌ನಲ್ಲಿಡಿ.