ಅಷ್ಟು ಬೆಳ್ಳಗಿರುವ ಶುಕ್ರ ಬುಧನಿಗಿಂತ ಜಾಸ್ತಿ ಬಿಸಿ, ಹೇಗೆ?

ಮೂರಿಂಚಿನ ಕಣ್ಣು:
ನನ್ನ ಹತ್ತಿರ ಮೂರಿಂಚಿನ ಒಂದು ಪುಟ್ಟ ಟೆಲಿಸ್ಕೋಪ್ ಇದೆ. ಎರಡು ವಾರದಿಂದ ಸಂಜೆ ಹೊತ್ತು ಶುಕ್ರನನ್ನು ನೋಡುತ್ತಿದ್ದೇನೆ. ಕುಡುಗೋಲಿನ ಹಾಗೆ ಬಾಗಿದ ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ ಮೈಮೇಲೆ ಒಂದು ಕಲೆಯೂ ಇಲ್ಲ, ಸುಣ್ಣ ಬಳಿದ ಹಾಗೆ ಬರೀ ಬಿಳಿ. ಬುಧ ಒಂದೇ ಒಂದು ಸಂಜೆ ಸಿಕ್ಕಿತು. ನಡುಗುವ ಸಣ್ಣ ಚುಕ್ಕೆ, ಅಷ್ಟೇ.

ಈಗ ನನ್ನ ತಲೆನೋವು. ಬುಧ ಸೂರ್ಯನಿಂದ ಸರಾಸರಿ 5.8 ಕೋಟಿ ಕಿ.ಮೀ. ದೂರ, ಶುಕ್ರ 10.8 ಕೋಟಿ. ಆದರೂ ಬುಧನ ಹಗಲು ಹೆಚ್ಚೆಂದರೆ 430 ಡಿಗ್ರಿ ಸೆಲ್ಸಿಯಸ್, ಶುಕ್ರನ ನೆಲ ಸುಮಾರು 465! ಮೋಡ ಮುಚ್ಚಿರುವುದರಿಂದ ಹೀಗೆ ಅನ್ನುತ್ತಾರೆ. ಆದರೆ ಬಿಳಿ ಮೋಡ ಬಿಸಿಲನ್ನು ವಾಪಸ್ ಕಳಿಸಬೇಕು ಅಲ್ವಾ? ನಾನು ರಾತ್ರಿ ನೋಡುತ್ತಿರುವುದೇ ಹಾಗೆ ವಾಪಸ್ ಬಂದ ಬೆಳಕು. ಎಲ್ಲಿ ಎಡವುತ್ತಿದ್ದೇನೆ?

ತಡರಾತ್ರಿ:
ಎಡವಿಲ್ಲ, ಅರ್ಧ ದಾರಿಯಲ್ಲಿ ನಿಂತಿದ್ದೀರಿ. ಶುಕ್ರ ತನಗೆ ಬಿದ್ದ ಬಿಸಿಲಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ವಾಪಸ್ ಕಳಿಸುತ್ತಾನೆ. ನಮಗಿಂತ ಹೆಚ್ಚುಕಡಿಮೆ ಎರಡರಷ್ಟು ಬಿಸಿಲು ಬಿದ್ದರೂ, ಒಳಗೆ ಇಳಿಸಿಕೊಳ್ಳುವುದು ಭೂಮಿಗಿಂತ ಕಡಿಮೆ. ಮೊದಲ ಸಲ ಲೆಕ್ಕ ಹಾಕಿದಾಗ ನಾನೇ ನಂಬಲಿಲ್ಲ, ಎರಡು ಸಲ ತಿದ್ದಿ ನೋಡಿದೆ.

ಆ ಸ್ವಲ್ಪ ಬಿಸಿಲೇ ಸಾಕು. 1982ರಲ್ಲಿ ಸೋವಿಯತ್ ನೌಕೆ ವೆನೆರಾ 13 ಅಲ್ಲಿ ಇಳಿದು, ಹಾಳಾಗುವ ಮುಂಚೆ 127 ನಿಮಿಷ ಕೆಲಸ ಮಾಡಿತು. ಅದರ ಚಿತ್ರಗಳಲ್ಲಿ ಚಪ್ಪಟೆ ಕಲ್ಲುಗಳು ಕಿತ್ತಳೆ ಬಣ್ಣದ ಮಬ್ಬು ಬೆಳಕಿನಲ್ಲಿ ಕಾಣುತ್ತವೆ. ಅಂದರೆ ಬೆಳಕು ನೆಲ ಮುಟ್ಟುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಹೊರಗೆ ಬಿಡುತ್ತದೆ. ಮೇಲೆ ಇರುವುದು ಸುಮಾರು 96% ಕಾರ್ಬನ್ ಡೈಆಕ್ಸೈಡ್. ಅದು ಬಿಸಿಲನ್ನು ಒಳಗೆ ಬಿಡುತ್ತದೆ, ಈ ಕಿರಣಗಳನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಗಂಧಕಾಮ್ಲದ ಆ ಮೋಡಗಳೂ ಕೈಜೋಡಿಸುತ್ತವೆ.

ಮೂರಿಂಚಿನ ಕಣ್ಣು:
ಹಾಗಾದರೆ ಮಂಗಳನ ಗಾಳಿಯಲ್ಲೂ 95% ಕಾರ್ಬನ್ ಡೈಆಕ್ಸೈಡ್ ಇದೆಯಲ್ಲ! ಅಲ್ಲಿ ಸರಾಸರಿ ಮೈನಸ್ 60 ಡಿಗ್ರಿ. ಈ ಪ್ರಶ್ನೆ ಕೇಳಿ ನಿಮ್ಮನ್ನು ಸಿಕ್ಕಿಸಿದೆ ಅಂದುಕೊಂಡಿದ್ದೇನೆ.

ತಡರಾತ್ರಿ:
ಸಿಕ್ಕಲಿಲ್ಲ :) ಶೇಕಡಾ ನೋಡಬೇಡಿ, ಒಟ್ಟು ಎಷ್ಟಿದೆ ಅಂತ ನೋಡಿ. ಶುಕ್ರನ ನೆಲದ ಮೇಲೆ ಗಾಳಿಯ ಒತ್ತಡ ನಮ್ಮದರ ಸುಮಾರು 92 ಪಟ್ಟು. ಸಮುದ್ರದಲ್ಲಿ 900 ಮೀಟರ್ ಕೆಳಗೆ ಇಳಿದರೆ ಹೆಚ್ಚುಕಡಿಮೆ ಅಷ್ಟು ಒತ್ತಡ. ಮಂಗಳದಲ್ಲಿ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ನೂಲು ಒಂದೇ, ಆದರೆ ಒಬ್ಬ ಕಂಬಳಿಗಳ ರಾಶಿ ಹೊದ್ದಿದ್ದಾನೆ, ಇನ್ನೊಬ್ಬನ ಮೈಮೇಲೆ ಜಾಳುಜಾಳು ಬಟ್ಟೆ.

ಕಲ್ಲುಪುಡಿ:
ಎಲ್ಲರೂ ಶುಕ್ರನ ಹಿಂದೆ ಬಿದ್ದಿದ್ದೀರಿ. ಪಾಪ, ಬುಧನನ್ನು ಕೇಳುವವರಿಲ್ಲ. ಅವನಿಗೆ ಹೊದಿಕೆಯೇ ಇಲ್ಲ ಅನ್ನಬಹುದು. ಹಗಲಿನ 430 ಡಿಗ್ರಿ ರಾತ್ರಿ ಮೈನಸ್ 180ಕ್ಕೆ ಇಳಿಯುತ್ತದೆ. ಅವನ ಒಂದು ಹಗಲು-ರಾತ್ರಿಗೆ ನಮ್ಮ 176 ದಿನ ಬೇಕು, ವರ್ಷಕ್ಕೆ ಬರೀ 88 ದಿನ. ಒಂದು ದಿನ ಮುಗಿಯುವಷ್ಟರಲ್ಲಿ ಎರಡು ವರ್ಷ! ಶುಕ್ರನಲ್ಲೂ ರಾತ್ರಿ ನಮ್ಮ ಸುಮಾರು 58 ದಿನ ಎಳೆಯುತ್ತದೆ. ಆದರೂ ನೆಲ ಹಗಲಿನಷ್ಟೇ ಕಾದಿರುತ್ತದೆ.

ನನಗೆ ಇಷ್ಟವಾದ ಸಂಗತಿ ಬೇರೆ. ಬುಧ ವಾಲಿಕೊಂಡಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ನಿಂತು ಸುತ್ತುತ್ತಾನೆ. ಹಾಗಾಗಿ ಧ್ರುವಗಳ ಕೆಲವು ಕುಳಿಗಳ ತಳಕ್ಕೆ ಬಿಸಿಲು ಬೀಳುವುದೇ ಇಲ್ಲ. ಅಲ್ಲಿ ನೀರಿನ ಮಂಜುಗಡ್ಡೆ ಇದೆ ಎಂಬುದಕ್ಕೆ 2012ರಲ್ಲಿ ಮೆಸೆಂಜರ್ ನೌಕೆಯಿಂದ ಬಲವಾದ ಸಾಕ್ಷಿ ಸಿಕ್ಕಿತು. ಸೂರ್ಯನ ಪಕ್ಕದಲ್ಲೇ ಐಸ್! ಒಳಗಿನ ಕಬ್ಬಿಣದ ತಿರುಳೂ ವಿಚಿತ್ರ, ತ್ರಿಜ್ಯದ ಸುಮಾರು 85% ಅದೇ. ಓಟೆಯೇ ದಪ್ಪ ಇರುವ ಹಣ್ಣಿನ ಹಾಗೆ.

ಮೂರಿಂಚಿನ ಕಣ್ಣು:
ಐಸ್ ವಿಷಯ ಓದಿ ಬುಧನನ್ನು ಇನ್ನೊಮ್ಮೆ ನೋಡಬೇಕು ಅನ್ನಿಸುತ್ತಿದೆ. ಸೂರ್ಯ ಮುಳುಗುವ ಮುಂಚೆಯೇ ಹುಡುಕಲು ಶುರು ಮಾಡಲೇ?

ಕಲ್ಲುಪುಡಿ:
ಬೇಡವೇ ಬೇಡ. ಹುಡುಕುವಾಗ ಸೂರ್ಯ ಒಂದು ಕ್ಷಣ ಟೆಲಿಸ್ಕೋಪಿನಲ್ಲಿ ಬಂದರೂ ಕಣ್ಣು ಹೋಗುತ್ತದೆ. ಪೂರ್ತಿ ಮುಳುಗಿದ ಮೇಲೇ ಮುಚ್ಚಳ ತೆಗೆಯಿರಿ.