ಮಾತಾಡೋ ಇಂಗ್ಲಿಷ್‌ಗೆ ಮಾರ್ಕ್ಸ್ ಕೊಡೋದು ಹೇಗೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಇಂಗ್ಲಿಷನ್ನ ಪರಭಾಷೆಯಾಗಿ ಕಲಿಯೋ ದೊಡ್ಡವರಿಗೆ ಪಾಠ ಮಾಡ್ತೀನಿ. ಕೆಲವರು ಗ್ರಾಮರ್ ಟೆಸ್ಟಲ್ಲಿ ಚೆನ್ನಾಗಿ ಮಾರ್ಕ್ಸ್ ತಗೋತಾರೆ, ಆದ್ರೆ ಎದುರಿಗೆ ಕೂರಿಸಿ ಒಂದು ಮಾತು ಕೇಳಿದ್ರೆ ಬಾಯೇ ಬಿಡಲ್ಲ, ಇನ್ನು ಕೆಲವರು ಟೆನ್ಸೆಲ್ಲ ತಪ್ಪಾದ್ರೂ ಹೇಳ್ಬೇಕಾದ್ದನ್ನ ಹೇಳಿ ಮುಗಿಸ್ತಾರೆ. ಓರಲ್ ಟೆಸ್ಟ್ ಇಟ್ರೆ ಬಾಯಿಪಾಠ ಮಾಡ್ಕೊಂಡು ಬಂದು ಒಪ್ಪಿಸ್ತಾರೆ. ನೀವೆಲ್ಲ ಹೇಗೆ ಅಳೀತೀರಾ?

ಉತ್ತರ 1:
ಗ್ರಾಮರ್ ಬಂದ್ರೆ ಭಾಷೆ ಬಂತು ಅನ್ನೋದನ್ನ ಡೆಲ್ ಹೈಮ್ಸ್ ಅನ್ನೋ ಭಾಷಾತಜ್ಞರು 1970ರ ದಶಕಕ್ಕೂ ಮೊದಲೇ ಪ್ರಶ್ನೆ ಮಾಡಿದ್ರು. ಆಮೇಲೆ 1980ರಲ್ಲಿ ಕನೇಲ್ ಮತ್ತೆ ಸ್ವೇನ್ ಅನ್ನೋ ಸಂಶೋಧಕರು ಇದನ್ನ ಬಿಡಿಸಿ ಹೇಳಿದ್ರು, ವ್ಯಾಕರಣ ಒಂದು, ಯಾರ ಹತ್ರ ಹೇಗೆ ಮಾತಾಡ್ಬೇಕು ಅನ್ನೋದು ಇನ್ನೊಂದು, ಪದ ಸಿಗದೇ ಇದ್ದಾಗ ದಾರಿ ಹುಡುಕೋದು ಮತ್ತೊಂದು. ಈ ಕೊನೇದನ್ನ ನಾವು ಟೆಸ್ಟಲ್ಲಿ ನೋಡೋದೇ ಇಲ್ಲ, ನಂಗೆ ಬೇಜಾರು ಅದೇ.

ಒಪ್ಪಿಸೋದು ನಿಲ್ಬೇಕಾ, ಹಾಗಾದ್ರೆ ಇಬ್ರನ್ನ ಕೂರಿಸಿ. ಒಬ್ರ ಕೈಲಿ ಅಡುಗೆಮನೆ ಚಿತ್ರ, ಇನ್ನೊಬ್ರ ಕೈಲಿ ಖಾಲಿ ಹಾಳೆ, ಇವರು ಹೇಳ್ಬೇಕು ಅವರು ಕೇಳ್ಕೊಂಡು ಅದೇ ಚಿತ್ರ ಬರೀಬೇಕು. ಓಪನರ್ ಅನ್ನೋ ಪದ ಗೊತ್ತಿಲ್ದೆ ಒಬ್ರು ‘ದಿ ಥಿಂಗ್ ಫಾರ್ ಓಪನ್ ಬಾಟಲ್’ ಅಂತಾರೆ, ಎದುರಿನವರು ಸರಿಯಾಗಿ ಬರೀತಾರೆ. ಗ್ರಾಮರ್ ತಪ್ಪೇ, ಆದ್ರೆ ಅದಕ್ಕೆ ಮಾರ್ಕ್ಸ್ ಕೊಡ್ಲೇಬೇಕು. ‘ಇನ್ನೊಂದ್ಸಲ ಹೇಳಿ’ ಅಂತ ಕೇಳಿದವರಿಗೂ ಕಟ್ ಮಾಡ್ಬೇಡಿ, ಅರ್ಥ ಆಗ್ದಿದ್ದಾಗ ಕೇಳೋದೂ ಮಾತಾಡೋ ಶಕ್ತೀನೇ.

ಉತ್ತರ 2:
ಮೇಲಿನವರು ಹೇಳಿದ್ದು ಒಪ್ತೀನಿ, ಆದ್ರೆ ಗ್ರಾಮರ್ ಪೂರ್ತಿ ಕೈಬಿಡ್ಬೇಡಿ. ಐಇಎಲ್‌ಟಿಎಸ್ ಅನ್ನೋ, ಹೊರದೇಶಕ್ಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಭಾಗ ನೋಡಿ, 11ರಿಂದ 14 ನಿಮಿಷ, ನಿರರ್ಗಳತೆ, ಪದಸಂಪತ್ತು, ಗ್ರಾಮರ್, ಉಚ್ಚಾರಣೆ ನಾಲ್ಕಕ್ಕೂ ಸಮಪಾಲು. ಬೇರೆಬೇರೆ ಕಾಲಮ್ ಹಾಕಿದ್ರೆ ಯಾರು ಎಲ್ಲಿ ಹಿಂದೆ ಅಂತ ಕಾಣತ್ತೆ, ಒಟ್ಟಿಗೆ ಒಂದೇ ನಂಬರ್ ಕೊಟ್ರೆ ಕಲಿಯೋರಿಗೆ ಏನೂ ತಿಳಿಯಲ್ಲ. ಮಾತು ರೆಕಾರ್ಡ್ ಮಾಡಿ ಇನ್ನೊಬ್ಬ ಟೀಚರ್ ಹತ್ರಾನೂ ಮಾರ್ಕ್ಸ್ ಹಾಕ್ಸಿ, ನಿಮ್ಮ ನಂಬರ್ ನೋಡೋಕೆ ಮುಂಚೆ. ತುಂಬಾ ವ್ಯತ್ಯಾಸ ಬಂದ್ರೆ ಇಬ್ರೂ ಕೂತು ಮತ್ತೆ ಕೇಳಿ. ಆಕ್ಸೆಂಟ್ ಕೇಳಿ ಮರುಳಾಗೋದು ನಮ್ಮಲ್ಲೇ ಜಾಸ್ತಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಇಬ್ರಿಗೂ! ಒಂದು ಡೌಟು, ಜೋಡೀಲಿ ಒಬ್ರು ವಾಚಾಳಿ ಇನ್ನೊಬ್ರು ಮೌನಿ ಆದ್ರೆ ಮೌನಿಗೆ ಅನ್ಯಾಯ ಅಲ್ವಾ?

ಉತ್ತರ 3:
ಆಗತ್ತೆ ಖಂಡಿತ. ಅದಕ್ಕೇ ಚಿತ್ರ ಅದಲುಬದಲು ಮಾಡಿ ಎರಡನೇ ಸುತ್ತು ಇಡಿ, ಆಗ ಮೌನಿ ಹೇಳ್ಲೇಬೇಕು. ಸಾಧ್ಯ ಆದ್ರೆ ಜೋಡೀನೂ ಬದಲಿಸಿ. ಕೇಂಬ್ರಿಡ್ಜ್‌ನವರ ಇಂಗ್ಲಿಷ್ ಮಾತಿನ ಪರೀಕ್ಷೆಗಳಲ್ಲಿ ಜೋಡಿ ಕೂರಿಸಿದ್ರೂ ಒಬ್ಬೊಬ್ಬರನ್ನೇ ಮಾತಾಡ್ಸೋ ಭಾಗಾನೂ ಇರತ್ತೆ, ಇಬ್ರು ಪರೀಕ್ಷಕರಲ್ಲಿ ಒಬ್ರು ಮಾತಾಡ್ಸ್ತಾರೆ, ಇನ್ನೊಬ್ರು ಬರೀ ಕೇಳ್ತಾ ಮಾರ್ಕ್ಸ್ ಹಾಕ್ತಾರೆ. ನೀವು ಒಬ್ರೇ ಇದ್ರೆ ಎರಡೂ ಒಟ್ಟಿಗೆ ಮಾಡೋಕೆ ಹೋಗ್ಬೇಡಿ, ಮಾತಿಗೆ ಗಮನ ಕೊಡಿ, ಮಾರ್ಕ್ಸ್ ಆಮೇಲೆ ರೆಕಾರ್ಡಿಂಗ್ ಕೇಳ್ಕೊಂಡು ಹಾಕಿ.